ಮೂಗಿಗಿಂತ ಮೂಗುತಿ ಭಾರ: ಹಿಂಬಾಗಿಲಿಗೆ ದೊಡ್ಡ ಸ್ಟೆಪ್ನಿ ಹಾಕುವ ಮುನ್ನ

ಬಿಸಿಲೆ ಘಾಟಿಯಿಂದ ಸಕಲೇಶಪುರದ ಕಡೆ ವಾಪಸು ಬರುತ್ತಿದ್ದೆ. ಹಿಂದಿನಿಂದ 'ಟಕ್' ಅಂತ ಸದ್ದು. ಗುಂಡಿ ಬಂದಾಗಲೆಲ್ಲ ಟಕ್. ಜ್ಯಾಕ್ ಸಡಿಲ ಆಗಿರಬೇಕು ಅಂದುಕೊಂಡು ಹಾಡಿನ ಸೌಂಡು ಜಾಸ್ತಿ ಮಾಡಿದೆ. ಊರು ಸೇರಿ ಟೀ ಅಂಗಡಿ ಮುಂದೆ ನಿಲ್ಲಿಸಿ ಹಿಂಬಾಗಿಲ ಹಿಡಿ ಎಳೆದರೆ, ಬಾಗಿಲು ಅರ್ಧ ಬೆರಳಿನಷ್ಟು ಕೆಳಕ್ಕೆ ಕುಸಿದು ಆಮೇಲೆ ತೆರೆದುಕೊಂಡಿತು. ಮುಚ್ಚಲು ಇಬ್ಬರು ಬೇಕಾಯಿತು. ಒಬ್ಬರು ಸ್ಟೆಪ್ನಿ ಕೆಳಗೆ ಕೈಕೊಟ್ಟು ಎತ್ತಬೇಕು, ಇನ್ನೊಬ್ಬರು ತಳ್ಳಬೇಕು.

ಮಾರನೇ ದಿನ ಕೆಸರು ತೊಳೆದಾಗ ಕಾರಣ ಕಂಡಿತು. ಸ್ಟೆಪ್ನಿ ಬ್ರ್ಯಾಕೆಟ್‌ನ ಮೇಲಿನ ಬೋಲ್ಟ್ ಪಕ್ಕದಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಹೊರಟಿತ್ತು. ಉಗುರಿನಲ್ಲಿ ಗೀರಿ ನೋಡಿದೆ. ಉಗುರು ಸಿಕ್ಕಿಕೊಂಡಿತು. ಬಣ್ಣ ಬಿಟ್ಟಿದ್ದಲ್ಲ, ತಗಡೇ ಸೀಳಿತ್ತು.

ತಪ್ಪು ಗಾಡಿಯದ್ದಲ್ಲ. ನಾಲ್ಕು ಚಕ್ರಕ್ಕೂ ದೊಡ್ಡ ಮಡ್ ಟೈರ್ ಹಾಕಿಸಿ, ಐದನೆಯದನ್ನು ಹಳೇ ಬ್ರ್ಯಾಕೆಟ್ಟಿಗೇ ಬಿಗಿದು, "ಕೂತ್ಕೊಳ್ತಲ್ಲ, ಸಾಕು" ಅಂತ ಹೊರಟವನು ನಾನೇ. ಚಿಕ್ಕವರಿದ್ದಾಗ ಬಾಗಿಲಿಗೆ ಜೋತುಬಿದ್ದರೆ ಅಮ್ಮ ಬೈಯುತ್ತಿದ್ದರು: "ಇಳಿಯೋ, ಹಿಂಜ್ ಕಿತ್ತು ಬರುತ್ತೆ." ಅವತ್ತು ಆ ಮಾತು ನೆನಪಾಗಬೇಕಿತ್ತು. ಥಾರ್, ಜಿಮ್ನಿ, ಗೂರ್ಖಾ, ರ‍್ಯಾಂಗ್ಲರ್ ಹೀಗೆ ಬೆನ್ನ ಮೇಲೆ ಸ್ಟೆಪ್ನಿ ಹೊರುವ ಯಾವ ಗಾಡಿಗಾದರೂ ದೊಡ್ಡ ಟೈರ್ ಹಾಕಿಸುವ ಯೋಚನೆ ಇದ್ದರೆ, ಕೆಳಗಿನದ್ದನ್ನು ಮೊದಲು ಮಾಡಿ.

ದೊಡ್ಡ ಸ್ಟೆಪ್ನಿ ನಿಜಕ್ಕೂ ಬೇಕಾ?

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಯಿಂದ ಶುರು ಮಾಡೋಣ. 2020ರ ಅಕ್ಟೋಬರ್‌ನಲ್ಲಿ ಬಂದ ಥಾರ್‌ನ ಎಲ್‌ಎಕ್ಸ್ ಮಾದರಿಗೆ 255/65 ಆರ್18 ಟೈರ್. 255 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಆ ಅಗಲದ ಶೇ. 65ರಷ್ಟು ಎತ್ತರದ ಗೋಡೆ. 18 ಅಂದರೆ ಡಿಸ್ಕ್‌ನ (ಟೈರ್ ಕೂರುವ ರಿಮ್‌ನ) ವ್ಯಾಸ, ಇಂಚಿನಲ್ಲಿ. ಗೋಡೆ ಮೇಲೊಂದು, ಕೆಳಗೊಂದು ಸೇರಿ 331.5 ಮಿ.ಮೀ., ಡಿಸ್ಕ್ 457 ಮಿ.ಮೀ. ಒಟ್ಟು ಎತ್ತರ ಸುಮಾರು 789 ಮಿ.ಮೀ. ಅದೇ ಡಿಸ್ಕ್‌ಗೆ 285/65 ಹಾಕಿದರೆ 828 ಮಿ.ಮೀ. ಆಗುತ್ತದೆ. ಜಿಮ್ನಿಯ 195/80 ಆರ್15 ಟೈರ್ 693 ಮಿ.ಮೀ.; ತುಂಬಾ ಜನ ಅದಕ್ಕೆ ಆಸೆಪಡುವ 235/75 ಆರ್15 ಹೆಚ್ಚುಕಮ್ಮಿ 733 ಮಿ.ಮೀ.

ನಾಲ್ಕು ಚಕ್ರ ದೊಡ್ಡದು, ಸ್ಟೆಪ್ನಿ ಮಾತ್ರ ಹಳೆಯದು ಅಂದರೆ ನಡೆಯುತ್ತದಾ? ಪಂಕ್ಚರ್ ಅಂಗಡಿವರೆಗೆ ನಡೆಯುತ್ತದೆ, ಆದರೆ ಷರತ್ತಿದೆ. ಈ ಗಾಡಿಗಳಲ್ಲಿ ಹೆಚ್ಚಿನವು ಎರಡೇ ಚಕ್ರಕ್ಕೆ ಶಕ್ತಿ ಹೋಗುವ 2ಎಚ್‌ನಲ್ಲಿ ಹಿಂದಿನ ಚಕ್ರದಿಂದ ಓಡುತ್ತವೆ. ಹಿಂದಿನ ಒಂದು ಚಕ್ರ ಚಿಕ್ಕದಾದರೆ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ನೇರ ರಸ್ತೆಯಲ್ಲೂ ಪುರುಸೊತ್ತಿಲ್ಲದೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ಹಿಂದಿನದು ಪಂಕ್ಚರ್ ಆದರೆ ಮುಂದಿನ ಒಳ್ಳೇ ಚಕ್ರ ಬಿಚ್ಚಿ ಹಿಂದಕ್ಕೆ ಹಾಕಿ, ಚಿಕ್ಕ ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿ. ಡಾಂಬರಿನ ಮೇಲೆ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರ್) ಮುಟ್ಟಬೇಡಿ. ಮುಂದಿನ ಆಕ್ಸಲ್ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಲು ಹೋಗಿ, ಎರಡಕ್ಕೂ ಶಕ್ತಿ ಹಂಚುವ ನಡುವಿನ ಟ್ರಾನ್ಸ್‌ಫರ್ ಕೇಸ್ ಒತ್ತಡ ತಿನ್ನುತ್ತದೆ. ಕೆಸರಲ್ಲಾದರೆ ಚಕ್ರ ಜಾರಿ ಆ ಒತ್ತಡ ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಹೊರಬರುವಷ್ಟಕ್ಕೆ ತೊಂದರೆ ಇಲ್ಲ.

ವಾರಕ್ಕೆ ಐದು ದಿನ ಆಫೀಸು, ವರ್ಷಕ್ಕೆರಡು ಸಲ ಎಸ್ಟೇಟ್ ರಸ್ತೆ ಅನ್ನುವವರಿಗೆ ಹಳೇ ಸ್ಟೆಪ್ನಿಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ. "ಹಿಂದಿನಿಂದ ನೋಡಿದರೆ ಚೆನ್ನಾಗಿ ಕಾಣಲ್ಲ" ಅನ್ನುವವರಿಗೆ ಕವರ್ ಸಿಗುತ್ತದೆ.

ಸ್ಟೆಪ್ನಿಯೇ ಬೇಡ, ಪಂಕ್ಚರ್ ಕಿಟ್ ಸಾಕು ಅನ್ನುವವರೂ ಇದ್ದಾರೆ. ಟೈರ್ ಪ್ರೆಷರ್ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಎರಡೂ ಇರುವ ಟ್ಯೂಬ್‌ಲೆಸ್ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ 2020ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ತಂದಿದೆ. ಊರೊಳಗೆ ಸರಿ. ಆದರೆ ಕಲ್ಲಿನ ಅಂಚಿಗೆ ಟೈರಿನ ಪಕ್ಕದ ಗೋಡೆ ಹರಿದರೆ ಯಾವ ಕಿಟ್ಟೂ ಮುಚ್ಚುವುದಿಲ್ಲ. ಕಾಡಿಗೆ ಹೋಗುವವರು ಐದನೇ ಚಕ್ರ ಬಿಡಬೇಡಿ.

(ಅಂದಹಾಗೆ, 'ಸ್ಟೆಪ್ನಿ' ಅನ್ನೋ ಪದ ಬಂದಿದ್ದು ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಬಿಡಿ ಚಕ್ರ ಮಾಡಲು ಶುರು ಮಾಡಿದರು. ನಮ್ಮ ಬಾಯಲ್ಲಿ ಆ ಹೆಸರು ಇನ್ನೂ ಉಳಿದುಕೊಂಡಿದೆ.)

ತೂಕ ಹಾಕಿ, ಆಮೇಲೆ ದೂರ ಅಳೆಯಿರಿ

ಅಂದಾಜು ಬೇಡ. ಮನೆಯಲ್ಲಿ ಮೈತೂಕ ನೋಡುವ ಯಂತ್ರ ಇದ್ದರೆ ಅದರ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಚಕ್ರ ಇಟ್ಟು ನೋಡಿ, ಹಲಗೆಯ ತೂಕ ಕಳೆಯಿರಿ. ಇಲ್ಲದಿದ್ದರೆ ಗುಜರಿ ಅಂಗಡಿಗೆ ಹೋಗಿ, ಐದು ನಿಮಿಷದ ಕೆಲಸ. ಹಳೇ ಸ್ಟೆಪ್ನಿ, ಹೊಸದು ಎರಡನ್ನೂ ತೂಗಿ ಬರೆದಿಡಿ. ಟೈರ್ ಜೊತೆ ಡಿಸ್ಕೂ ಇರಲಿ.

ಈಗ ಟೇಪು ತಗೊಳ್ಳಿ. ಬಾಗಿಲಿನ ತಗಡಿನಿಂದ ಚಕ್ರದ ನಡುಭಾಗ ಎಷ್ಟು ಹೊರಗಿದೆ ಅಂತ ಅಳೆಯಿರಿ. ಎಲ್ಲರೂ ಮರೆಯುವುದು ಇದನ್ನೇ. ಒಂದು ಉದಾಹರಣೆ ಲೆಕ್ಕ ನೋಡಿ. ಹಳೇ ಚಕ್ರ 28 ಕೆ.ಜಿ., ತಗಡಿನಿಂದ 15 ಸೆಂ.ಮೀ. ಹೊರಗೆ ಅಂದುಕೊಳ್ಳಿ. ಗುಣಿಸಿದರೆ 420. ಹೊಸದು 42 ಕೆ.ಜಿ., ಟೈರ್ ಅಗಲ ಅಂತ ಬ್ರ್ಯಾಕೆಟ್ಟಿಗೆ ಸ್ಪೇಸರ್ (ನಡುವೆ ಇಡುವ ದಪ್ಪ ಬಿಲ್ಲೆ) ಕೊಟ್ಟು 20 ಸೆಂ.ಮೀ. ಹೊರಗೆ ತಂದಿದ್ದೀರಿ. ಗುಣಿಸಿದರೆ 840. ತೂಕ ಒಂದೂವರೆ ಪಟ್ಟು ಆಯಿತು, ಆದರೆ ಬ್ರ್ಯಾಕೆಟ್ ಬೋಲ್ಟುಗಳನ್ನು ಹಿಂದಕ್ಕೆ ಎಳೆಯುವ ಬಲ ಎರಡು ಪಟ್ಟು ಆಯಿತು. ತೋಳು ಚಾಚಿ ಕೊಡ ಹಿಡಿದು ನೋಡಿ, ಸೊಂಟದ ಮೇಲೆ ಇಟ್ಟು ನೋಡಿ. ಕೊಡ ಅದೇ, ನೀರೂ ಅಷ್ಟೇ.

ಬಾಗಿಲು ತೆರೆದಾಗ ಲೆಕ್ಕವೇ ಬೇರೆ. ಆಗ ಚಿಲಕದ ಕಡೆ ಆಸರೆ ಇಲ್ಲ, ಎಲ್ಲ ಭಾರ ಹಿಂಜ್‌ಗಳದ್ದು. ಹಿಂಜ್‌ನಿಂದ ಚಕ್ರದ ನಡುಭಾಗಕ್ಕೆ 55 ಸೆಂ.ಮೀ., ಎರಡು ಹಿಂಜ್‌ಗಳ ನಡುವೆ 40 ಸೆಂ.ಮೀ. ಇದ್ದರೆ, 42 ಕೆ.ಜಿ. ಚಕ್ರ ಮೇಲಿನ ಹಿಂಜನ್ನು ಸುಮಾರು 58 ಕೆ.ಜಿ. ಬಲದಲ್ಲಿ ಕಿತ್ತೆಳೆಯುತ್ತದೆ. ಬಾಗಿಲಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಕೆಳಗಿನ ಹಿಂಜನ್ನು ಅಷ್ಟೇ ಬಲದಲ್ಲಿ ಒಳಕ್ಕೆ ನೂಕುತ್ತದೆ. ಬಾಗಿಲು ಕುಸಿದಾಗ ಮೇಲಿನ ಹಿಂಜ್ ಮೊದಲು ಹೋಗಿರುವುದು ಇದೇ ಕಾರಣಕ್ಕೆ.

ಇವೆಲ್ಲ ಗಾಡಿ ನಿಂತಿರುವಾಗಿನ ಲೆಕ್ಕ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋದವರಿಗೆ ಗೊತ್ತು, ಗಾಡಿ ಪ್ರತಿ ಕಲ್ಲಿಗೂ ಕುಣಿಯುತ್ತದೆ. ಒಂದೊಂದು ಕುಣಿತಕ್ಕೂ ಆ ಕ್ಷಣ ಭಾರ ಎರಡು ಮೂರು ಪಟ್ಟು ಆಗುತ್ತದೆ. ಲೋಹ ಒಂದೇ ಏಟಿಗೆ ಮುರಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಸೀಳುತ್ತದೆ.

ಬಾಗಿಲಿನ ಆರೋಗ್ಯ

ಹೊಸ ಚಕ್ರ ಏರಿಸುವ ಮೊದಲು ಹಳೇ ಚಕ್ರ ಇದ್ದಹಾಗೇ ಬಾಗಿಲನ್ನು ಅರ್ಧ ತೆರೆಯಿರಿ. ಹಿಂಜ್ ಇಲ್ಲದ ಕಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ, ಬಿಡಿ. ಕಣ್ಣು ಹಿಂಜ್ ಮೇಲಿರಲಿ. ಹಿಂಜ್ ಪಿನ್ ಒಳಗೆ 'ಕಟಕ್' ಅಂತ ಸ್ವಲ್ಪ ಆಡಿದರೆ ಪಿನ್ ಸವೆದಿದೆ ಅಂತ ಅರ್ಥ. ಮೊದಲು ಅದನ್ನು ಬದಲಾಯಿಸಿ.

ಚಿಲಕ ಕೂರುವ ಕೊಂಡಿಯನ್ನೂ ನೋಡಿ. ಬಾಗಿಲು ನೆಟ್ಟಗಿದ್ದರೆ ಸವೆದ ಗುರುತು ನಡುವೆ ಇರುತ್ತದೆ. ಗುರುತು ಕೆಳಗಡೆ ಮಾತ್ರ ಹೊಳೆಯುತ್ತಿದ್ದರೆ ಬಾಗಿಲು ಆಗಲೇ ಇಳಿಯಲು ಶುರುವಾಗಿದೆ.

ಬಿರುಕು ಹುಡುಕಲು ಹಳೇ ಮೆಕ್ಯಾನಿಕ್‌ಗಳ ಉಪಾಯ ಇವತ್ತಿಗೂ ಕೆಲಸ ಮಾಡುತ್ತದೆ. ಚಕ್ರ ಬಿಚ್ಚಿ, ಬ್ರ್ಯಾಕೆಟ್ ಸುತ್ತ ಚೆನ್ನಾಗಿ ತೊಳೆದು ಒಣಗಿಸಿ. ಬೋಲ್ಟುಗಳ ಸುತ್ತ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಸೇರಿಕೊಂಡ ಎಣ್ಣೆ ನಿಧಾನಕ್ಕೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ನನ್ನ ಗಾಡಿಯಲ್ಲಿ ಕಣ್ಣಿಗೆ ಕಂಡಿದ್ದು ಒಂದು ಬಿರುಕು. ಸೀಮೆಸುಣ್ಣ ಮೂರು ತೋರಿಸಿತು.

ಬಿರುಕು ಕಂಡರೆ ಬರೀ ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡೆಸಬೇಡಿ. ತೆಳು ತಗಡಿಗೆ ಬೆಂಕಿ ತಗುಲಿದರೆ ವೆಲ್ಡ್ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಒಳಗಿನಿಂದ ಪಟ್ಟಿ ಕೊಟ್ಟು ಭಾರ ಹಂಚಬೇಕು. ಅದನ್ನು ಮುಂದೆ ಹೇಳುತ್ತೇನೆ.

ಅಗಲ, ಇಟಿ, ರಬ್ಬರ್

ಸ್ಟೆಪ್ನಿ ಅಲುಗಾಡದೆ ಇರುವುದು ಬರೀ ನಟ್ಟಿನಿಂದಲ್ಲ. ಬಾಗಿಲ ಮೇಲಿರುವ ರಬ್ಬರ್ ದಿಂಡುಗಳಿಗೆ ಟೈರ್ ಒತ್ತಿಕೊಂಡು ಕೂರುವುದರಿಂದ. ಟೈರ್ ರಬ್ಬರನ್ನು ಮುಟ್ಟದಿದ್ದರೆ 40 ಕೆ.ಜಿ. ತೂಕ ಬರೀ ಬ್ರ್ಯಾಕೆಟ್ ಮೇಲೆ ತೂಗಾಡುತ್ತದೆ.

ಡಿಸ್ಕ್‌ನ ಮೇಲೆ 'ಇಟಿ' ಅಂತ ಒಂದು ಅಂಕಿ ಕೆತ್ತಿರುತ್ತಾರೆ. ಡಿಸ್ಕ್‌ನ ಅಗಲದ ನಡುಗೆರೆಯಿಂದ, ಹಬ್ಬಿಗೆ (ಸ್ಟೆಪ್ನಿಯಲ್ಲಾದರೆ ಬ್ರ್ಯಾಕೆಟ್ಟಿಗೆ) ತಾಗಿ ಕೂರುವ ಮುಖ ಎಷ್ಟು ಮಿ.ಮೀ. ದೂರ ಅನ್ನುವ ಲೆಕ್ಕ ಅದು. ಹಳೇ ಡಿಸ್ಕ್ ಇಟಿ 20, ಹೊಸದು ಇಟಿ ಮೈನಸ್ 10 ಅಂದರೆ ಚಕ್ರ 30 ಮಿ.ಮೀ. ಹೊರಗೆ ಬಂತು. ಟೈರ್ 255ರಿಂದ 285 ಆದರೆ ಹೆಚ್ಚಾದ ಅಗಲದಲ್ಲಿ ಅರ್ಧ, ಅಂದರೆ 15 ಮಿ.ಮೀ., ಬಾಗಿಲ ಕಡೆಗೆ. ಕೂಡಿ ಕಳೆದರೆ ಟೈರಿಗೂ ರಬ್ಬರಿಗೂ ನಡುವೆ ಮೊದಲಿಗಿಂತ 15 ಮಿ.ಮೀ. ಜಾಸ್ತಿ ಜಾಗ. ನನ್ನ 'ಟಕ್ ಟಕ್' ಅಲ್ಲಿಂದಲೇ ಬಂದದ್ದು. ಇಟಿ ಬದಲಾಗದೆ ಟೈರ್ ಮಾತ್ರ ಅಗಲ ಆದರೆ ಇದರ ಉಲ್ಟಾ: ಟೈರ್ ಬಾಗಿಲಿಗೆ ಒತ್ತಿ, ನಟ್ಟು ಪೂರ್ತಿ ಕೂರುವುದೇ ಇಲ್ಲ.

ಜಾಗ ಉಳಿದಿದ್ದರೆ ದಪ್ಪನೆಯ, ಗಟ್ಟಿ ರಬ್ಬರ್ ದಿಂಡು ಹಾಕಿಸಿ. ಹಳೇ ಟ್ಯೂಬ್ ಕತ್ತರಿಸಿ ಮಡಚಿ ಇಡುವುದು ಸುಮ್ನೆ ವೇಸ್ಟ್, ಒಂದು ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಸರಿಯಾಗಿ ಕೂತಿದೆಯಾ ನೋಡಲು ಮತ್ತೆ ಸೀಮೆಸುಣ್ಣ. ರಬ್ಬರ್ ತಲೆಗೆ ಬಳಿಯಿರಿ, ಚಕ್ರ ಬಿಗಿಯಿರಿ, ಬಿಚ್ಚಿ. ಟೈರಿನ ಮೇಲೆ ಎಲ್ಲ ದಿಂಡುಗಳ ಗುರುತೂ ಒಂದೇ ಸಮ ಬಂದಿರಬೇಕು. ಒಂದು ಗಾಢ, ಒಂದು ಮಸುಕು ಇದ್ದರೆ ಚಕ್ರ ವಾರೆಯಾಗಿ ಕೂತಿದೆ.

ಎತ್ತರದ್ದೂ ನೋಡಿ. 39 ಮಿ.ಮೀ. ದೊಡ್ಡ ಟೈರ್ ಮೇಲೆ 20, ಕೆಳಗೆ 20 ಮಿ.ಮೀ. ತಿನ್ನುತ್ತದೆ. ಬಾಗಿಲು ತೆರೆಯುವಾಗ ಬಂಪರ್‌ಗೆ ಉಜ್ಜುತ್ತದಾ? ಗಾಜು, ವೈಪರ್ ಆಡುತ್ತವಾ? ಮೂರನೇ ಬ್ರೇಕ್ ಲೈಟ್, ನಂಬರ್ ಪ್ಲೇಟ್, ರಿವರ್ಸ್ ಕ್ಯಾಮೆರಾ ಮುಚ್ಚಿಹೋಗುತ್ತವಾ?

ಯಾವ ದಾರಿ ಹಿಡಿಯುವುದು

ಎಲ್ಲಕ್ಕಿಂತ ಅಗ್ಗದ ದಾರಿ ಭಾರವನ್ನೇ ಇಳಿಸುವುದು. ಟೈರ್ ಅಂಗಡಿಯಲ್ಲಿ "ಇ ರೇಟಿಂಗ್ ತಗೊಳ್ಳಿ ಸಾರ್, ಸ್ಟ್ರಾಂಗು" ಅನ್ನುತ್ತಾರೆ. ಹತ್ತು ಪದರದ ಬಲ ಅಂತ ಕರೆಯುವ ಆ ಟೈರ್‌ಗಳು ಜಾಸ್ತಿ ಭಾರ ಹೊರುವ ಪಿಕಪ್‌ಗಳಿಗೆ ಸರಿ. 1,200 ಕೆ.ಜಿ. ಆಸುಪಾಸಿನ ಜಿಮ್ನಿಗೆ ಯಾಕೆ? ಅದೇ ಅಳತೆಯಲ್ಲಿ ಹಗುರ ಟೈರ್ ಸಿಗುತ್ತದಾ ಕೇಳಿ. ಸ್ಟೆಪ್ನಿಗೆ ಕಬ್ಬಿಣದ ಡಿಸ್ಕ್ ಬದಲು ಉಳಿದ ನಾಲ್ಕರಂತೆ ಅಲಾಯ್ ಹಾಕಿದರೂ ಸಾಮಾನ್ಯವಾಗಿ ಕೆಲವು ಕೆ.ಜಿ. ಇಳಿಯುತ್ತದೆ.

ಅಷ್ಟಕ್ಕೂ ಭಾರ ಜಾಸ್ತಿಯೇ ಆದರೆ ಬಾಗಿಲನ್ನು ಗಟ್ಟಿ ಮಾಡಬೇಕು. ಕೆಲವು ಗಾಡಿಗಳಿಗೆ ಇದಕ್ಕೆಂದೇ ಕಿಟ್ ಸಿಗುತ್ತದೆ, ಭಾರವನ್ನು ತಗಡಿಗೆ ಬಿಡದೆ ನೇರ ಹಿಂಜ್‌ಗೇ ಸಾಗಿಸುವ ದಪ್ಪ ಬ್ರ್ಯಾಕೆಟ್. ರ‍್ಯಾಂಗ್ಲರ್‌ಗೆ ಅಮೆರಿಕದಲ್ಲಿ ಇಂಥವು ಬೇಕಾದಷ್ಟಿವೆ. ನಿಮ್ಮ ಮಾದರಿಗೆ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಒಳ್ಳೇ ಟಿಂಕರಿಂಗ್ ಕೆಲಸದವರ ಬಳಿ ಹೀಗೆ ಮಾಡಿಸಿ:

ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಬಾಗಿಲ ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆಸಿ, ಅದರ ಕ್ಲಿಪ್‌ಗಳು ಒಂದೆರಡು ಮುರಿಯುವುದು ಗ್ಯಾರಂಟಿ, ಹೊಸದು ತಂದಿಟ್ಟಿರಿ. ಬ್ರ್ಯಾಕೆಟ್ಟಿನ ಹಿಂದೆ ತಗಡಿನ ಒಳಮೈಗೆ 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ, ಬ್ರ್ಯಾಕೆಟ್ಟಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾಗಿ. ಸಾಧ್ಯವಾದರೆ ಹಿಂಜ್ ಬೋಲ್ಟುಗಳ ತನಕ ಹೋಗಲಿ. ಮೂಲೆಗಳನ್ನು ದುಂಡಗೆ ಉಜ್ಜಿಸಿ, ಚೂಪು ಮೂಲೆ ತಗಡನ್ನು ಕುಯ್ಯುತ್ತದೆ. ಎರಡೂ ಮುಖಕ್ಕೆ ರೆಡ್ ಆಕ್ಸೈಡ್ ಹೊಡೆಸಿ. ತಲೆಯ ಮೇಲೆ 8.8 ಅಂತ (ಅದು ಬಲದ ದರ್ಜೆ) ಬರೆದ ಬೋಲ್ಟ್, ದೊಡ್ಡ ವಾಷರ್, ನೈಲಾನ್ ಲಾಕ್ ನಟ್. ತೂತುಗಳ ಸುತ್ತ ಸೀಲೆಂಟ್. ಮಂಗಳೂರು, ಕಾರವಾರದ ಕಡೆಯವರು ಸೀಲೆಂಟ್ ವಿಷಯದಲ್ಲಿ ಜಿಪುಣತನ ಮಾಡಬೇಡಿ, ಉಪ್ಪುಗಾಳಿ ಒಳಗಿನಿಂದಲೇ ತಿನ್ನುತ್ತದೆ.

ಮೂರನೇ ದಾರಿ, ಸ್ಟೆಪ್ನಿಯನ್ನು ಬಾಗಿಲಿನಿಂದ ಬಿಡಿಸಿ, ಚಾಸಿಗೆ ಕೂತ ಹಿಂದಿನ ಬಂಪರ್‌ನಿಂದ ಬೇರೆ ತೋಳಿನ ಮೇಲೆ ನಿಲ್ಲಿಸುವುದು. ನಿಜವಾಗಿ ಭಾರಿ ಟೈರ್‌ಗೆ ಇದೇ ಸರಿಯಾದ ಎಂಜಿನಿಯರಿಂಗ್. ಆದರೆ ನೋಡಿ: ಆ ಬಂಪರ್, ತೋಳು ಸೇರಿ 40 ಕೆ.ಜಿ. ಅಂದುಕೊಳ್ಳಿ, ಟೈರಿನ ಹೆಚ್ಚುವರಿ 14 ಕೆ.ಜಿ., ಒಟ್ಟು 54. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ಇದೆ ಅಂತಿಟ್ಟುಕೊಂಡರೆ, 2,450 ಮಿ.ಮೀ. ವೀಲ್‌ಬೇಸ್‌ನ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) ಥಾರ್‌ನಲ್ಲಿ ಹಿಂದಿನ ಆಕ್ಸಲ್‌ಗೆ 76 ಕೆ.ಜಿ. ಏರುತ್ತದೆ, ಮುಂದಿನದು 22 ಕೆ.ಜಿ. ಹಗುರ ಆಗುತ್ತದೆ. ಹೆಡ್‌ಲೈಟ್ ಆಕಾಶ ನೋಡುತ್ತದೆ, ಹಿಂದಿನ ಸ್ಪ್ರಿಂಗ್ ಕೂರುತ್ತದೆ. ಒಂದು ನೀರಿನ ಬಾಟಲಿ ತೆಗೆಯಲು ಮೊದಲು ತೋಳು ಬಿಡಿಸಬೇಕು, ಆಮೇಲೆ ಬಾಗಿಲು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಛಾವಣಿ ಮೇಲೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಛಾವಣಿಗೆ ಎಷ್ಟು ಕೆ.ಜಿ. ಅಂತ ಇರುತ್ತದೆ, ಕ್ಯಾರಿಯರ್ ತೂಕ ಕಳೆದರೆ ಚಕ್ರಕ್ಕೆ ಉಳಿಯುವುದು ಸ್ವಲ್ಪವೇ. ವಾಲು ರಸ್ತೆಯಲ್ಲಿ ತಲೆಭಾರ ಬೇರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಬಂಪರ್ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಂದ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಫೋನಿನಲ್ಲಿ "ಏನೂ ಪ್ರಾಬ್ಲಂ ಇಲ್ಲ ಸಾರ್" ಅಂದದ್ದು ಕ್ಲೇಮಿಗೆ ಬರುವುದಿಲ್ಲ.

ಏರಿಸುವ ದಿನ, ಆಮೇಲಿನ ದಿನಗಳು

ಸಮತಟ್ಟು ನೆಲದಲ್ಲಿ ನಿಲ್ಲಿಸಿ. 40 ಕೆ.ಜಿ. ಚಕ್ರವನ್ನು ಒಬ್ಬರೇ ಎದೆಮಟ್ಟಕ್ಕೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ, ಇಬ್ಬರಿರಿ. ಬಾಗಿಲು ಮುಚ್ಚಿ ಚಿಲಕ ಬಿದ್ದಿರುವಾಗಲೇ ಚಕ್ರ ಏರಿಸಿ. ಎಲ್ಲ ನಟ್ಟುಗಳನ್ನೂ ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಿರಿ. ಎಷ್ಟು ಬಿಗಿಯಬೇಕು ಅಂತ ಕೈಪಿಡಿಯಲ್ಲಿದೆ. ಸ್ಪ್ಯಾನರ್ ಮೇಲೆ ನಿಂತು ಕುಣಿದರೆ ಬ್ರ್ಯಾಕೆಟ್ಟಿನ ಸ್ಟಡ್ಡೇ ಎಳೆದುಕೊಂಡು ಹೋಗುತ್ತದೆ. ಗಾಳಿ ತುಂಬುವ ವಾಲ್ವ್ ಕೈಗೆ ಸಿಗುವ ಕಡೆ ಇರಲಿ. ಒಂದು ಲಾಕ್ ನಟ್ಟೂ ಇರಲಿ, ಇಷ್ಟು ದುಡ್ಡಿನ ಟೈರ್ ರಾತ್ರಿ ಬೀದಿಯಲ್ಲಿ ನಿಲ್ಲುತ್ತದೆ.

50 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಿ, 500ಕ್ಕೆ ಮತ್ತೊಮ್ಮೆ. ಹೆಡ್‌ಲೈಟ್ ತಗ್ಗಿಸಿ. ಘಾಟಿ ಇಳಿಜಾರಿನಲ್ಲಿ ನಿಲ್ಲಿಸಿ ಹಿಂಬಾಗಿಲು ತೆಗೆಯುವಾಗ ಜೋಪಾನ: ಈಗ ಆ ಬಾಗಿಲು ತನ್ನಷ್ಟಕ್ಕೆ ಬೀಸುತ್ತದೆ, ತಡೆಯುವ ಪಟ್ಟಿ ಹಳೇ ಭಾರಕ್ಕೆ ಮಾಡಿದ್ದು. ಮಕ್ಕಳ ಬೆರಳು ಅಲ್ಲಿರಬಾರದು. ನಾನು ಒಂದು ಗಟ್ಟಿ ನೈಲಾನ್ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸುತ್ತೇನೆ.

ಸ್ಟೆಪ್ನಿಯನ್ನು ಶೋಕಿಗೆ ಇಟ್ಟುಕೊಳ್ಳಬೇಡಿ, ಟೈರ್ ಅದಲು ಬದಲು ಮಾಡುವಾಗ ಐದನ್ನೂ ಸೇರಿಸಿ. ಐದೂ ಒಂದೇ ಸಮ ಸವೆದರೆ ಮೇಲೆ ಹೇಳಿದ ಅಳತೆ ವ್ಯತ್ಯಾಸದ ರಗಳೆ ಬರುವುದೇ ಇಲ್ಲ. ಕವರ್ ಹಾಕುವವರು ತಿಂಗಳಿಗೊಮ್ಮೆ ಬಿಚ್ಚಿ, ಒಳಗೆ ಸೇರಿದ ಕೆಸರು ತೊಳೆಯಿರಿ. ಹಿಂಜ್‌ಗೆ ಗ್ರೀಸ್.

ನನ್ನ ಗಾಡಿಯಲ್ಲಿ ಈಗ ಒಳಪಟ್ಟಿ ಇದೆ, ಟೈರ್ ಒಂದು ಅಳತೆ ಚಿಕ್ಕದಾಗಿದೆ. ಗ್ಲೋವ್ ಬಾಕ್ಸಿನಲ್ಲಿ ಒಂದು ತುಂಡು ಸೀಮೆಸುಣ್ಣ ಇದೆ. ಕಾಡಿನಿಂದ ವಾಪಸು ಬಂದು ಗಾಡಿ ತೊಳೆದ ಮೇಲೆ ಬ್ರ್ಯಾಕೆಟ್ ಸುತ್ತ ಉಜ್ಜಿ ನೋಡುತ್ತೇನೆ. ಪಕ್ಕದ ಮನೆಯ ಅಜ್ಜಿ ಒಂದು ಸಲ ಕೇಳಿದರು, "ಏನಪ್ಪಾ, ಗಾಡಿಗೆ ವಿಭೂತಿ ಹಚ್ತಿದ್ದೀಯಾ?"